ಅಳತಿ ಕುಬಸ

ದೊಡ್ಡವ್ವ ನಮ್ಮ ಖೋಲಿಗೆ ಬರುವಾಗ ಅಡ್ಡ ತಿರುಗಿ ಬರುತ್ತಿದ್ದಳು. ಮೊದಲು ಎಡಗೈ, ಆಮೇಲೆ ಹೊಟ್ಟೆ, ಕೊನೆಗೆ ಬೆನ್ನು. ಕುಬಸದ ತೋಳು ಒತ್ತಿ ಒತ್ತಿ ಆಕೆಯ ರಟ್ಟೆಯ ಮೇಲೆ ಒಂದು ಕಪ್ಪು ಗೆರೆ ಬಿದ್ದಿತ್ತು. ಬಳೆ ಹಾಕಿದ ಹಾಗೆ ಸುತ್ತಲೂ ಇದ್ದ ಆ ಗೆರೆ ಮೈತೊಳೆದು ಬಂದರೂ ಹೋಗುತ್ತಿರಲಿಲ್ಲ. ಆಕೆ ಬಾಗಿಲಲ್ಲಿ ನಿಂತಳೆಂದರೆ ಖೋಲಿಯೊಳಗೆ ಕತ್ತಲಾಗುತ್ತಿತ್ತು, ಅವ್ವ ಹಗಲು ಹೊತ್ತಿನಲ್ಲೇ ದೀಪ ಹಾಕುತ್ತಿದ್ದಳು.

ನನ್ನ ಅವ್ವನ ಅಕ್ಕ ಆಕೆ. ಯಾದಗಿರಿ ಕಡೆಯಿಂದ ಎರಡೂ ಮನೆಯವರು ಒಂದೇ ಕಾಲಕ್ಕೆ ಪುಣೆಗೆ ಬಂದು ಯೆರವಡಾದ ಒಂದು ಓಣಿಯಲ್ಲಿ ಮಗ್ಗುಲು ಮಗ್ಗುಲ ಖೋಲಿ ಹಿಡಿದಿದ್ದರು. ಓಣಿಯ ಒಂದು ತುದಿಗೆ ಜೈಲಿನ ಗೋಡೆ ಕಾಣುತ್ತಿತ್ತು, ಇನ್ನೊಂದು ತುದಿಗೆ ಕಂಪ್ಯೂಟರಿನವರ ಗಾಜಿನ ಕಟ್ಟಡಗಳು. ಎರಡರೊಳಗೂ ನಮಗೆ ಪ್ರವೇಶ ಇರಲಿಲ್ಲ. ಅಪ್ಪ ಅವ್ವ ಮುಕಾದಮನ ಗ್ಯಾಂಗಿನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಕೂಲಿಯವರನ್ನು ಊರಿನಿಂದ ಕರೆತಂದು, ಎಲ್ಲಿ ಕೆಲಸವಿದೆಯೋ ಅಲ್ಲಿಗೆ ಕಳಿಸುವವನು ಮುಕಾದಮ. ಅವನು ಗಾಡಿಗೆ ಹತ್ತು ಅಂದರೆ ಹತ್ತಬೇಕು. ದೊಡ್ಡಪ್ಪ ಒಂದು ಫ್ಲ್ಯಾಟಿನವರ ಸೊಸೈಟಿಯಲ್ಲಿ ವಾಚ್‌ಮನ್. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಗ್ಯಾಂಗಿನ ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು, ನನ್ನನ್ನೂ ನನ್ನ ತಂಗಿಯನ್ನೂ ಸಾಕುತ್ತಿದ್ದಳು.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲ ಮನುಷ್ಯ ನಾನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ನನ್ನ ಬಿ.ಕಾಂ. ಶುರುವಾದದ್ದು ಯಾವ ಕಾಲೇಜಿನಲ್ಲೂ ಅಲ್ಲ, ನಮ್ಮ ಖೋಲಿಯ ಹೊಸ್ತಿಲ ಮೇಲೆ. ನನ್ನ ಹತ್ತನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನೂ ತಳೇಗಾಂವದ ಕೆಲಸಕ್ಕೆ ಕರೆದುಕೊಂಡು ಹೋಗಲು ಸಿದ್ಧನಾಗಿದ್ದ. ಗ್ಯಾಂಗಿನ ಗಾಡಿ ಓಣಿಯ ಬಾಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ದೊಡ್ಡವ್ವ ಬಂದು ಹೊಸ್ತಿಲ ಮೇಲೆ ಕುಂತಳು. ಹೊಸ್ತಿಲ ಮೇಲೆ ಕೂಡಬಾರದೆಂದು ನಮಗೆಲ್ಲ ಬೈಯುತ್ತಿದ್ದವಳೇ ಆಕೆ.

"ಏಳ್ರಿ ಅಕ್ಕಾರ, ಗಾಡಿ ಹೋಗ್ತದ," ಅಂದ ಅಪ್ಪ.

"ಹೋಗ್ಲಿ."

"ಮುಕಾದಮ ಬೈತಾನ್ರಿ."

"ಇಲ್ಲಿಗೆ ಬಂದು ಬೈಯ್ ಅನ್ನು. ನಾ ಏಳೂತನ ಈ ಹುಡುಗಿನೂ ಹೊರಗ ಹೋಗಂಗಿಲ್ಲ, ನೀನೂ ಹೋಗಂಗಿಲ್ಲ."

ಆಕೆಯನ್ನು ದಾಟಿ ಹೋಗಲು ಜಾಗವೇ ಇರಲಿಲ್ಲ. ಎತ್ತಿ ಸರಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಗಾಡಿ ಹೋಯಿತು. ನಾನು ಹನ್ನೊಂದನೇ ಇಯತ್ತೆಗೆ ಹೋದೆ.

ಮುಕಾದಮನೂ ಆಕೆಗೆ ಅಂಜುತ್ತಿದ್ದ. ಕುಡಿದು ಬಂದ ಗಂಡಸರು ಆಕೆಯ ಖೋಲಿಯ ಮುಂದೆ ಬಂದಾಗ ಗೋಡೆ ಹಿಡಿದು ಸದ್ದಿಲ್ಲದೆ ದಾಟುತ್ತಿದ್ದರು. ಊರಲ್ಲಿ ತುಂಬಿದ ಮೈಗೆ ಇದ್ದ ಮರ್ಯಾದೆಯನ್ನು ಆಕೆ ಹಾಗೇ ಪುಣೆಗೆ ಹೊತ್ತು ತಂದಿದ್ದಳು. ಅದು ಆಕೆಗೂ ಗೊತ್ತಿತ್ತು. "ನಂದು ಹೊಲ ಇಲ್ಲ, ಮನಿ ಇಲ್ಲ. ಇದ್ದದ್ದು ಇದೊಂದು," ಎಂದು ತನ್ನ ಹೊಟ್ಟೆ ತಟ್ಟಿ ತೋರಿಸುತ್ತಿದ್ದಳು.

ಆಮೇಲೆ ಮೊಣಕಾಲು ಹೋದವು. ಸಕ್ಕರೆ ಬಂತು. ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಮರಾಠಿಯಲ್ಲಿ ನೆಟ್ಟಗೆ ಹೇಳಿದಳು, ತೂಕ ಇಳಿಸದಿದ್ದರೆ ಹಾಸಿಗೆ ಹಿಡಿಯುತ್ತೀ ಎಂದು. ಹಾಸಿಗೆ ಎಂಬ ಮಾತಿಗೆ ದೊಡ್ಡವ್ವ ಅಂಜಿದಳು. ಅಷ್ಟೊತ್ತಿಗೆ ನಾನು ತಳೇಗಾಂವದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಲೋಕಲ್ ರೈಲು ಹಿಡಿಯುವ ಮುಂಚೆ ಬೆಳಿಗ್ಗೆ ಆಕೆಯನ್ನು ಜೈಲಿನ ರಸ್ತೆಯಲ್ಲಿ ನಡೆಸುತ್ತಿದ್ದೆ. ಸಕ್ಕರೆ ಚಹಾ ಬಂದ್, ಅನ್ನ ಬಂದ್, ರೊಟ್ಟಿ ಎಣಿಸಿ. "ನೀ ಓದೂದು ಕಲತಿ, ನನಗ ಉಪಾಸ ಕಲಿಸಿದಿ," ಎಂದು ಗೊಣಗುತ್ತ ನಡೆದಳು. ನಡೆದೇ ನಡೆದಳು. ವರ್ಷ ತಿರುಗುವುದರೊಳಗೆ ದೊಡ್ಡವ್ವ ನಮ್ಮ ಬಾಗಿಲೊಳಗೆ ನೆಟ್ಟಗೆ ಬಂದಳು.

ಮೊದಲ ಸಲ ಹಾಗೆ ಬಂದ ದಿನ ಆಕೆ ಒಳಗೆ ಕಾಲಿಟ್ಟು, ಮತ್ತೆ ಹಿಂದೆ ಹೋಗಿ, ಅಭ್ಯಾಸದಂತೆ ಅಡ್ಡ ತಿರುಗಿ ಬಂದಳು. ನಾವು ನಕ್ಕೆವು. ಆಕೆ ನಗಲಿಲ್ಲ.

ಸೀರೆಗೆ ಅಳತೆಯ ಕಷ್ಟವಿಲ್ಲ. ಮೈ ಇಳಿದರೆ ಇನ್ನೊಂದು ನಿರಿಗೆ ಜಾಸ್ತಿ ಹಾಕಿದರಾಯಿತು. ಗುಟ್ಟು ಬಿಟ್ಟುಕೊಡುವುದು ಕುಬಸ. ದೊಡ್ಡವ್ವನ ಕುಬಸಗಳು ಭುಜದಿಂದ ಜಾರತೊಡಗಿದವು, ತೋಳುಗಳು ಚೀಲದಂತೆ ಜೋತುಬಿದ್ದವು. ಬೆನ್ನ ಹಿಂದೆ ಪಿನ್ನು ಹಚ್ಚಿ ಬಿಗಿಮಾಡಿ, ಮೇಲೆ ಸೆರಗು ಹೊದ್ದು ಓಡಾಡಿದಳು. ಪಿನ್ನು ಹಚ್ಚುವುದು ದಿನಾ ಬೆಳಿಗ್ಗೆ ನನ್ನ ಕೆಲಸ.

"ಎಲ್ಲಾ ಹಿಡಿಸಿ ಹೊಲಿಸೋಣು," ಅಂದೆ.

"ಬ್ಯಾಡ. ಮತ್ತ ಮೈ ಬಂದ್ರ?"

"ಬರಬಾರದು ಅಂತನ ಇಷ್ಟ್ ಮಾಡಿದ್ದು."

"ಹಿಡಿಸಿದ್ರ ಇದ ಖಾಯಂ ಆಗ್ತದ," ಅಂದಳು.

ಒಂದು ದಿನ ಓಣಿಗೆ ಭಾಂಡೀವಾಲಿ ಬಂದಳು. ಹಳೆ ಬಟ್ಟೆ ತಗೊಂಡು ಸ್ಟೀಲಿನ ಪಾತ್ರೆ ಕೊಡುವವಳು. ನಾನೇ ದೊಡ್ಡವ್ವನ ಟ್ರಂಕ್ ತೆಗೆದು ಕುಬಸ, ಲಂಗ ಎಲ್ಲ ಅವಳ ಮುಂದೆ ಸುರಿದೆ. ಅವಳು ಒಂದನ್ನು ಎತ್ತಿ, ಎರಡೂ ತೋಳು ಅಗಲಿಸಿ ಹಿಡಿದು, ಇದರೊಳಗೆ ಇಬ್ಬರು ಹೆಂಗಸರು ಕೂಡಬಹುದಲ್ಲ ಎಂದು ಮರಾಠಿಯಲ್ಲಿ ನಕ್ಕಳು. ಸುತ್ತ ನಿಂತವರೂ ನಕ್ಕರು. ದೊಡ್ಡವ್ವ ಬಂದು, ಅವಳ ಕೈಯಿಂದ ಅದನ್ನು ಕಸಿದುಕೊಂಡು, ಎಲ್ಲವನ್ನೂ ಬಾಚಿ ಟ್ರಂಕಿಗೆ ತುಂಬಿದಳು.

"ಯಾರಿಗಿ ಬೇಕವು ಈಗ?" ಅಂದೆ ನಾನು, ಸಿಟ್ಟಿನಿಂದ.

"ತವರಿನವು ಅವ."

ಅದು ನಿಜ. ಪ್ರತಿ ನಾಗರ ಪಂಚಮಿಗೆ ಊರಿನಿಂದ ಆಕೆಯ ತಮ್ಮ, ನಮ್ಮ ಮಾಮಾ, ಸೀರೆ, ಕುಬಸ ಕಳಿಸುತ್ತಿದ್ದ. ಊರಿನ ಸಿಂಪಿಗನ ಹತ್ತಿರ ದೊಡ್ಡವ್ವನ ಒಂದು ಅಳತಿ ಕುಬಸ ಇತ್ತು. ಎಷ್ಟೋ ವರ್ಷದ ಹಿಂದೆ ಅಳತೆಗೆಂದು ಕೊಟ್ಟದ್ದು ಅವನ ಹತ್ತಿರವೇ ಉಳಿದಿತ್ತು. ಅದನ್ನು ನೋಡಿಯೇ ಅವನು ಪ್ರತಿ ವರ್ಷ ಹೊಲಿಯುತ್ತಿದ್ದ. ಹಾಗಾಗಿ ಇಲ್ಲಿ ಆಕೆ ಅರ್ಧ ಆದರೂ ಊರಿನಿಂದ ಬರುವ ಕುಬಸ ಹಳೆ ಅಳತೆಯದ್ದೇ. ಟ್ರಂಕು ಖಾಲಿಯಾಗುವುದಿರಲಿ, ವರ್ಷಕ್ಕೊಮ್ಮೆ ಇನ್ನಷ್ಟು ತುಂಬುತ್ತಿತ್ತು.

"ಮಾಮಾಗ ಒಂದ್ ಮಾತು ಹೇಳು, ಸಣ್ಣದು ಹೊಲಸ್ತಾನ," ಎಂದು ನಾನು ಎಷ್ಟು ಸಲ ಹೇಳಿದೆನೋ.

"ಏನಂತ ಹೇಳ್ಲಿ? ಪುಣೆದಾಗ ಅಕ್ಕಗ ಉಣ್ಣಾಕ ಸಿಗವಲ್ದು ಅಂತಾನ. ಕರಕೊಂಡು ಹೋಗಾಕ ಬರ್ತಾನ. ಮೈ ಇಳಿಸೂದು ಅಂದ್ರ ಊರಾಗ ಯಾರಿಗಿ ತಿಳೀತದ? ರೋಗ ಅಂತಾರ, ಇಲ್ಲಾ ಉಪಾಸ ಅಂತಾರ."

ಫೋನಿನಲ್ಲಿ ತಮ್ಮ ಹೆಂಗದೀ ಎಂದು ಕೇಳಿದರೆ, "ಹಂಗ ಅದೀನಿ, ಬಾಗಲಾ ಸಾಲಂಗಿಲ್ಲ," ಎನ್ನುತ್ತಿದ್ದಳು. ವಿಡಿಯೋ ಕಾಲ್ ಬಂದರೆ ಹೆಬ್ಬೆರಳಿನಿಂದ ಕ್ಯಾಮೆರಾ ಮುಚ್ಚಿ, ಇಲ್ಲಿ ನೆಟ್‌ವರ್ಕ್ ಇಲ್ಲಪ್ಪಾ ಎಂದು ಕೂಗುತ್ತಿದ್ದಳು.

ಊರಿನವರ ಕಣ್ಣಿಗೆ ಮುಚ್ಚಿಟ್ಟದ್ದನ್ನು ಓಣಿಯವರ ಕಣ್ಣಿಗೆ ಮುಚ್ಚಿಡಲು ಆಗಲಿಲ್ಲ. ಅವರಿಗೂ ಊರಿನ ಬುದ್ಧಿಯೇ. ಪಾಪ, ಏನೋ ದೊಡ್ಡ ರೋಗ ಎಂದುಕೊಂಡರು. ಆಕೆಯ ಜೊತೆ ಮೆತ್ತಗೆ ಮಾತಾಡತೊಡಗಿದರು. ಕುಡಿದವರು ನಿಂತು, "ಆರಾಮ ಮಾಡ್ರಿ ಅಕ್ಕಾರ," ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಬೈದರೆ ಯಾರೂ ತಿರುಗಿ ಬೈಯುತ್ತಿರಲಿಲ್ಲ. ಆಕೆಗೆ ಅದಕ್ಕಿಂತ ದೊಡ್ಡ ಸೋಲು ಇರಲಿಲ್ಲ. ಕಾಲು ನೋಯುತ್ತಿರಲಿಲ್ಲ, ಸಕ್ಕರೆ ಹಿಡಿತದಲ್ಲಿತ್ತು, ಮೆಟ್ಟಿಲು ಹತ್ತಿದರೆ ಏದುಸಿರಿರಲಿಲ್ಲ. ಆದರೂ ಆಕೆ ಪಿನ್ನು ಹಚ್ಚಿದ ಕುಬಸದೊಳಗೆ ಕುಂತು, ತನ್ನದಲ್ಲದ ಮನೆಗೆ ಬಂದವಳಂತೆ ಸುತ್ತ ನೋಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಮುಕಾದಮ ನನ್ನ ತಂಗಿಯನ್ನು ಕೇಳಿದ. ಅವನ ಅಕ್ಕನ ಮಗನಿಗೆ. ತಂಗಿ ಆಗಷ್ಟೇ ಹನ್ನೆರಡನೇ ಇಯತ್ತೆ ಮುಗಿಸಿ ನರ್ಸಿಂಗ್‌ಗೆ ಸೇರಬೇಕೆಂದು ಕುಣಿಯುತ್ತಿದ್ದಳು. ಹುಡುಗ ಇಂದಾಪುರದ ಕಡೆ ಸಕ್ಕರೆ ಕಾರ್ಖಾನೆಯ ಕಟ್ಟಡದ ಕೆಲಸದಲ್ಲಿದ್ದ. ಅವನು ಕುಡುಕನಾಗಿದ್ದರೆ ನಮಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ ಹುಡುಗ ಒಳ್ಳೆಯವನು. ಬೇಡ ಎನ್ನಲು ಒಂದು ಕಾರಣವಿರಲಿಲ್ಲ. ಕಾರಣವಿದ್ದರೂ ಹೇಳುವಂತಿರಲಿಲ್ಲ, ಮುಕಾದಮನ ಮನೆಯ ಮಾತಿಗೆ ಬೇಡ ಅಂದ ಮೇಲೆ ಅಪ್ಪ ಅವ್ವ ಯಾರ ಗಾಡಿ ಹತ್ತುವುದು? ಬೇಡ ಅನ್ನುವ ಹಕ್ಕು ಗಂಡಿನವರಿಗೆ ಮಾತ್ರ ಇತ್ತು.

ನಾನು ಮಾತಾಡಲು ಹೋದೆ. ಅವಳು ಓದಲಿ, ವಯಸ್ಸು ಎಲ್ಲಿ ಓಡಿಹೋಗ್ತದೆ ಅಂದೆ. ಮುಕಾದಮ ನಕ್ಕು, "ಓದಿದಾಕಿ ನೀ ಒಬ್ಬಾಕಿ ಇದ್ದೀಯಲ್ಲ, ಮನಿಗಿ ಸಾಕು. ಹೋಗು, ಚಾ ತಗೊಂಡ್ ಬಾ," ಅಂದ. ನಾನು ಚಹಾ ತಂದೆ. ಬೇರೇನು ಮಾಡಲಿ? ಅಪ್ಪ ನನ್ನ ಮುಖ ನೋಡಲಿಲ್ಲ. ತಂಗಿ ಅಂದಿನಿಂದ ಊಟ ಬಿಟ್ಟಳು. ನಮ್ಮ ಖೋಲಿ ಅದೆಷ್ಟು ಸಣ್ಣದೆಂದರೆ, ಒಬ್ಬರು ಅತ್ತರೆ ಇನ್ನೊಬ್ಬರು ಎದ್ದು ಹೋಗಲು ಬೇರೆ ಮೂಲೆ ಇರಲಿಲ್ಲ.

ಅವರು ನೋಡಲು ಬರುವ ರವಿವಾರ ಬೆಳಿಗ್ಗೆ ದೊಡ್ಡವ್ವ ನನ್ನನ್ನು ತನ್ನ ಖೋಲಿಗೆ ಕರೆದಳು. ಮೇ ತಿಂಗಳು. ಮೇಲೆ ತಗಡು ಕಾದು ಚಟಚಟ ಎನ್ನುತ್ತಿತ್ತು.

"ಟ್ರಂಕ್ ತೆಗಿ," ಅಂದಳು.

ಲಂಗದ ಮೇಲೆ ಲಂಗ ಉಟ್ಟಳು. ದೊಡ್ಡಪ್ಪನ ಚಳಿಗಾಲದ ಡ್ಯೂಟಿ ಸ್ವೆಟರ್ ತೊಟ್ಟು ಅದರ ಮೇಲೆ ಒಂದು ಕುಬಸ, ಅದರ ಮೇಲೆ ಇನ್ನೊಂದು. ಮೇಲಿನ ಗುಂಡಿ ಹಾಕುವಾಗ ಎಷ್ಟೋ ದಿನದ ಮೇಲೆ ಆ ಕುಬಸ ಅದರ ಅಳತೆಗೆ ತುಂಬಿತ್ತು.

"ದೊಡ್ಡವ್ವ, ಇದೇನು ಹುಚ್ಚು? ಮೈ ತುಂಬ್ತು. ಮಾರಿ ಹೆಂಗ ತುಂಬ್ತೀ?"

ಆಕೆ ಎಲೆ ಅಡಿಕೆ ಮಡಚಿ ಎರಡೂ ದವಡೆಗೆ ಒತ್ತಿಕೊಂಡಳು. ಗಲ್ಲ ಉಬ್ಬಿತು. "ಹಿಂಗ," ಅಂದಳು, ತುಂಬಿದ ಬಾಯಲ್ಲಿ.

ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ನಮ್ಮ ಖೋಲಿಗೆ ಬಂದು, ಹೊಸ್ತಿಲ ಮೇಲೆ ಕುಂತಳು. ಅವ್ವ ಒಲೆಯ ಮುಂದಿನಿಂದ ನೋಡಿದಳು. ಎದ್ದು ದೀಪ ಹಾಕಿದಳು.

ಮುಕಾದಮ, ಅವನ ಹೆಂಡತಿ, ಹಿಂದೆ ಹುಡುಗ ಬಂದರು. ಮುಕಾದಮ ವರ್ಷವೆಲ್ಲ ಇಂದಾಪುರದಲ್ಲಿದ್ದು ಆಕೆಯನ್ನು ನೋಡಿರಲಿಲ್ಲ. ಮೊನ್ನೆ ಬಂದಾಗಲೂ ಆಕೆ ಹೊರಗೆ ಬಂದಿರಲಿಲ್ಲ. ನಿಂತಲ್ಲೇ ನಿಂತ.

"ಭಾಳ ಸೊರಗೀರಿ ಅಂತ ಕೇಳಿದ್ದೆ ಅಕ್ಕಾರ."

"ಯಾರಂದ್ರು?"

"ಹಿಂಗ, ಮಂದಿ."

"ಮಂದಿ ನಿನ್ನ ಬಗ್ಗೆನೂ ಭಾಳ ಅಂತಾರ. ನಾ ಕೇಳ್ತೀನೇನು?"

ಅವನು ಚಪ್ಪಲಿ ಬಿಟ್ಟು ನಿಂತಿದ್ದ. ಒಳಗೆ ಬರಲು ದಾರಿ ಇರಲಿಲ್ಲ. ಬಿಸಿಲಲ್ಲಿ ಕಾಲು ಬದಲಿಸಿದ.

"ಹುಡುಗಿ ಓದ್ತದ. ಮುಗೀಲಿ," ಅಂದಳು ದೊಡ್ಡವ್ವ.

"ಮದುವಿ ಆಗಿ ಓದ್ಲಿ. ನಾವೇನು ಬ್ಯಾಡ ಅಂತೀವಾ?"

"ನಿಮ್ಮ ಮನ್ಯಾಗ ಮದುವಿ ಆದಮ್ಯಾಲ ಯಾವಾಕಿ ಓದ್ಯಾಳ? ಹೆಸರು ಹೇಳು, ಏಳ್ತೀನಿ."

"ಹಂಗಲ್ಲ ಅಕ್ಕಾರ..."

ಆ 'ಹಂಗಲ್ಲ ಅಕ್ಕಾರ' ನನಗೆ ಹಳೆಯ ಪರಿಚಯದ ದನಿ. ನನ್ನ ಹತ್ತನೇ ಇಯತ್ತೆಯ ಬೇಸಿಗೆಯಲ್ಲಿ ಅಪ್ಪನ ಬಾಯಿಂದ ಬಂದದ್ದೂ ಇದೇ ದನಿ. ಒಂದು ಗಳಿಗೆ ಎಲ್ಲ ಸರಿಹೋಯಿತು ಅನ್ನಿಸಿತು. ಆದರೆ ನಾನು ಆಕೆಯ ಹಿಂದೆ ನಿಂತಿದ್ದೆ. ಕುತ್ತಿಗೆಯ ಮೇಲೆ ಬೆವರು ಹರಿದು ಕುಬಸ ಬೆನ್ನಿಗಂಟಿದ್ದು ಕಾಣುತ್ತಿತ್ತು. ಆಕೆಯ ಕೈ ಬಾಗಿಲ ಚೌಕಟ್ಟನ್ನು ಹುಡುಕಿತು. ಸಿಗಲಿಲ್ಲ. ದೊಡ್ಡವ್ವ ನಿಧಾನಕ್ಕೆ, ಮೂಟೆ ವಾಲಿದ ಹಾಗೆ, ಮಗ್ಗುಲಿಗೆ ಉರುಳಿದಳು.

ಗಂಡಸರು ಹಿಂದೆ ಸರಿದರು. ನಾನು, ಅವ್ವ, ಮುಕಾದಮನ ಹೆಂಡತಿ ಸೇರಿ ಆಕೆಯನ್ನು ಒಳಗೆ ಎಳೆದು ಪರದೆ ಬಿಟ್ಟೆವು. ಗಾಳಿ ಬಿಡ್ರಿ, ಗುಂಡಿ ಬಿಚ್ಚ್ರಿ ಎಂದು ಆ ಹೆಂಗಸೇ ಕೈಹಾಕಿದಳು. ನಾನು ತಡೆಯುವ ಮೊದಲೇ ಮೇಲಿನ ಕುಬಸ ಬಿಚ್ಚಿತ್ತು. ಒಳಗೆ ಇನ್ನೊಂದು. ಅದನ್ನೂ ಬಿಚ್ಚಿದಳು. ಸ್ವೆಟರ್. ಅದನ್ನು ಎಳೆದು ತೆಗೆದಾಗ ಉಳಿದದ್ದು ಒಬ್ಬ ಸಣ್ಣ ಹೆಂಗಸು, ಬಾಯ್ತುಂಬ ಎಲೆ ಅಡಿಕೆ ತುಂಬಿಕೊಂಡವಳು.

ನೀರು ಚಿಮುಕಿಸಿದಾಗ ದೊಡ್ಡವ್ವ ಕಣ್ಣು ಬಿಟ್ಟಳು. ಮುಕಾದಮನ ಹೆಂಡತಿ ಸ್ವೆಟರ್ ಹಿಡಿದು ನಿಂತಿದ್ದಳು.

"ಏನ್ರೀ ಇದು?"

ದೊಡ್ಡವ್ವ ಸ್ವೆಟರ್ ನೋಡಿದಳು, ಅವಳನ್ನು ನೋಡಿದಳು. "ಥಂಡಿ ಹತ್ತಿತ್ತು," ಅಂದಳು.

ಆ ಹೆಂಗಸು ಪರದೆ ಸರಿಸಿ, ಸ್ವೆಟರ್ ಕೈಯಲ್ಲಿರುವಂತೆಯೇ ಹೊರಗೆ ಹೋದಳು. ಓಣಿಯೆಲ್ಲ ಕೇಳುವಂತೆ ಹೇಳಿದಳು: "ನಡೀರಿ. ಈ ಮನಿ ಹೆಣ್ಣು ನಮಗ ಬ್ಯಾಡ. ಇವರ ತಲಿ ನೆಟ್ಟಗಿಲ್ಲ. ನಾಳಿ ಹುಟ್ಟೂ ಮಕ್ಕಳಿಗೂ ಬರ್ತದ."

ಅಪ್ಪ ಕೈಮುಗಿದು ನಿಂತಿದ್ದ. ಮುಕಾದಮ ಹೋಗುವಾಗ ಅವನ ಹೆಗಲ ಮೇಲೆ ಕೈಯಿಟ್ಟು, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ, "ಮನಸಿಗಿ ಹಚ್ಕೋಬ್ಯಾಡ. ನಾಳಿ ಕೆಲಸಕ್ಕ ಬಾ," ಅಂದ. 'ಅಯ್ಯೋ ಪಾಪ' ಎಂಬ ಯಾವ ಕನಿಕರಕ್ಕೆ ದೊಡ್ಡವ್ವ ವರ್ಷವೆಲ್ಲ ಹಲ್ಲು ಕಡಿದಿದ್ದಳೋ ಅದೇ ಕನಿಕರ ಆ ದಿನ ನಮ್ಮ ಅನ್ನ ಉಳಿಸಿತು.

"ಏನಂದ್ಲು?" ಎಂದು ಮಲಗಿದಲ್ಲಿಂದ ಕೇಳಿದಳು ದೊಡ್ಡವ್ವ. ಹೇಳಿದೆ. ಆಕೆ ಎದ್ದು ಕುಂತಳು. ಎಲೆ ಅಡಿಕೆ ಉಗುಳಿ, ಬಾಯಿ ಒರೆಸಿಕೊಂಡು, "ಹಂಗಾದ್ರ ಕಾಲೇಜಿನ ಫಾರಂ ತುಂಬ್ರಿ," ಅಂದಳು.

ಇದನ್ನು ನಾನು ಸಿಹಿ ಮಾಡಿ ಬರೆಯಲಾರೆ. ಆ ದಿನದಿಂದ ದೊಡ್ಡವ್ವ ಓಣಿಗೆ ಹುಚ್ಚಿಯಾದಳು. ಹುಡುಗರು ಸ್ವೆಟರ್ ಅವ್ವ ಎಂದು ಕೂಗುತ್ತಿದ್ದರು. ನಮ್ಮ ಕಡೆಯ ಮದುವೆಗಳಲ್ಲಿ ಮದುಮಗಳಿಗೆ ಉಡಿ ತುಂಬಲು, ಮಕ್ಕಳಿಲ್ಲದಿದ್ದರೂ, ಮೊದಲು ಕರೆಯುತ್ತಿದ್ದದ್ದು ಆಕೆಯನ್ನು. ಈಗ ಕರೆಯಲಿಲ್ಲ. ಹೆಂಗಸರು ತಟ್ಟೆ ಹಿಡಿದು ಆಕೆಯ ಬಾಗಿಲ ಮುಂದೆಯೇ ಹಾದುಹೋಗುವಾಗ, ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಅವರು ದಾಟಿದ ಮೇಲೆ ಮತ್ತೆ ಬಡಿಯುತ್ತಿದ್ದಳು. ಒಂದು ಮೈಯಿಂದ ಬಿಡಿಸಿಕೊಂಡಿದ್ದಳು, ಒಂದು ಹೆಸರಿನೊಳಗೆ ಸಿಕ್ಕಿಕೊಂಡಳು. ಆ ಹೆಸರಿಗೆ ಯಾವ ಡಾಕ್ಟರಮ್ಮನ ಹತ್ತಿರವೂ ಪಥ್ಯ ಇರಲಿಲ್ಲ.

ಭಾಂಡೀವಾಲಿ ಮತ್ತೆ ಬಂದಾಗ ಮಾತ್ರ ದೊಡ್ಡವ್ವ ತಾನೇ ಟ್ರಂಕ್ ಎಳೆದು ತಂದಳು. ಇಲ್ಲಿ ಹೊಲಿಸಿದ್ದನ್ನೆಲ್ಲ ಕೊಟ್ಟು, ಚೌಕಾಸಿ ಮಾಡಿ ಮಾಡಿ ಅವಳನ್ನು ಸಾಕುಮಾಡಿ, ತಂಗಿಗೊಂದು ಊಟದ ಡಬ್ಬಿ ತಗೊಂಡಳು. ತವರಿನ ಕುಬಸಗಳನ್ನು ಇಟ್ಟುಕೊಂಡಳು. ಮರುದಿನ ಬೆಳಿಗ್ಗೆ ನಾನು ಪಿನ್ನು ಹಿಡಿದು ಹೋದರೆ ಬೇಡ ಅಂದಳು.

"ಜೋತ ಬೀಳ್ತದ, ದೊಡ್ಡವ್ವ."

"ಬೀಳ್ಲಿ. ಹುಚ್ಚಿಗಿ ಅಳತಿ ಯಾರು ಕೇಳ್ತಾರ? ಗಾಳಿ ಆಡ್ತದ."

ಅಂದಿನಿಂದ ಪಿನ್ನು ಹಚ್ಚಲಿಲ್ಲ. ಊರಿನ ತಮ್ಮನಿಗೆ ಮಾತ್ರ ಕೊನೆಯವರೆಗೂ ಹೇಳಲಿಲ್ಲ.

ಹೋದ ಶ್ರಾವಣದಲ್ಲಿ, ಪಂಚಮಿಗೆ ಮುಂಚೆ, ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ಗೋಡೆಗೆ ಒರಗಿದವಳು ಹಾಗೇ ಹೋದಳು. ಎದೆ ನಿಂತಿತು ಅಂದರು. ಗಂಡನಿಗಿಂತ ಮುಂಚೆ ಹೋದ ಮುತ್ತೈದೆಗೆ ತವರಿನ ಹಸಿರು ಸೀರೆ ಉಡಿಸಬೇಕು. ಮಾಮಾ ಊರಿನಿಂದ ಬರುವತನಕ ಕಾದೆವು. ಸೀರೆಯ ಜೊತೆ, ಪಂಚಮಿಗೆಂದು ಸಿಂಪಿಗ ಹೊಲಿದಿಟ್ಟಿದ್ದ ಕುಬಸ ತಂದಿದ್ದ. ಹಸಿರು ಖಣ. ಬಿಚ್ಚಿದರೆ ಅದೇ ಹಳೆ ಅಳತೆ.

ನಾನು ಪಿನ್ನು ಹುಡುಕಿದೆ. ಹೊರಗೆ ಮಾಮಾ ಕುಂತಿದ್ದ. ಇಷ್ಟು ವರ್ಷ ಹೆಬ್ಬೆರಳು ಒತ್ತಿ ಮುಚ್ಚಿಟ್ಟದ್ದನ್ನು ಈಗ ನಾವು ಬಯಲಿಗೆ ಇಡಬೇಕಿತ್ತು. ಈಗ ನರ್ಸ್ ಆಗಿರುವ ತಂಗಿ, ಆಕೆಯ ಕೈಯನ್ನು ತೋಳಿನೊಳಗೆ ಸೇರಿಸುತ್ತ, "ಪಿನ್ನು ಬ್ಯಾಡಕ್ಕ. ಆಕಿ ಬಿಟ್ಟಿದ್ಲು," ಅಂದಳು. ಸಡಿಲ ತೋಳಿನ ಕೆಳಗೆ ರಟ್ಟೆಯ ಮೇಲೆ ಆ ಕಪ್ಪು ಗೆರೆ ಇನ್ನೂ ಇತ್ತು.

ಮಾಮಾ ಒಳಗೆ ಬಂದ. ಅಕ್ಕನ ಮುಖ ನೋಡಿದ, ಕುಬಸ ನೋಡಿದ. ಜೋತುಬಿದ್ದ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಅಳತಿ ತಪ್ಯಾದ," ಅಂದ.

ದೊಡ್ಡವ್ವ ಮಾತಾಡುವಾಗೆಲ್ಲ ಒಲೆಯ ಮುಂದೆ ಸುಮ್ಮನೆ ಕುಂತಿರುತ್ತಿದ್ದವಳು ನಮ್ಮ ಅವ್ವ. ಆಕೆ ಸೆರಗು ಸರಿಮಾಡುತ್ತ, ತಮ್ಮನ ಮುಖ ನೋಡದೆ ಹೇಳಿದಳು: "ತಪ್ಪಿಲ್ಲ. ಇದ ಅಕ್ಕನ ಅಳತಿ."

ಎತ್ತಿ ಹೊರಗೆ ತರುವಾಗ ಗಂಡಸರು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅಭ್ಯಾಸಕ್ಕೋ ಏನೋ, ಅಡ್ಡ ತಿರುಗಿಸಿದರು.

ಸಿಂಪಿಗನ ಅಂಗಡಿಯಲ್ಲಿ ಆ ಅಳತಿ ಕುಬಸ ಇನ್ನೂ ಗೂಟಕ್ಕೆ ತೂಗಿದೆಯಂತೆ. ಏನು ಮಾಡಲಿ ಎಂದು ಅವನು ಮಾಮಾನ ಕೈಯಲ್ಲಿ ಕೇಳಿ ಕಳಿಸಿದ್ದ. ಇರಲಿ ಅಂದಿದ್ದೇವೆ.